ಗುಡ್ ನೈಟ್ ಕಲಿತ ಬಾತುಗಳು

ಚಪ್... ಚಪ್... ಚಪ್. ಸಿಂಕಿನ ನಲ್ಲಿ ರಾತ್ರಿಯಿಡೀ ಸೋರಿ ಕೆಳಗಿನ ಪಾತ್ರೆ ತುಂಬಿತ್ತು. ಮೊಮ್ಮಗಳು ಪ್ಲಂಬರನ್ನು ಕರೆಯಲು ಫೋನ್ ಎತ್ತಿದಳು. "ಇರಲಿ ಬಿಡೇ, ಇನ್ನೊಂದು ದಿನ" ಎಂದೆ. ಆ ಸದ್ದು ನನ್ನನ್ನು ಆಗಲೇ ಯಲ್ಲಾಪುರದ ಹಿತ್ತಿಲಿಗೆ ಕರೆದೊಯ್ದಿತ್ತು... ಪಕ್ಕದ ಮನೆಯ ಖಾಲಾ ಹತ್ತಿರ. ಚಿಕ್ಕಮ್ಮ ಎನ್ನುವ ಬದಲು ಅವರ ಮಾತಿನಲ್ಲೇ ಹಾಗೆ ಕರೆಯುತ್ತಿದ್ದೆ.

ಕಾನ್ವೆಂಟ್ ಬೋರ್ಡಿಂಗಿನಲ್ಲಿ ಟೈಫಾಯ್ಡ್ ಆಗಿ ನಾನು ಮನೆಗೆ ಬಂದಿದ್ದ ಚಳಿಗಾಲ ಅದು. ಡಾಕ್ಟರು "ಕಂಪ್ಲೀಟ್ ರೆಸ್ಟ್" ಎಂದಿದ್ದರು. ನನ್ನ ಬೇಜಾರು ನೋಡಲಾರದೆ ಖಾಲಾ, ಅಂಕೋಲೆಗೆ ಮೋಟಾರು ಓಡಿಸುತ್ತಿದ್ದ ತಮ್ಮ ಯಜಮಾನರಿಂದ ಒಂದು ಜೋಡಿ ಬಾತುಕೋಳಿ ತರಿಸಿಕೊಟ್ಟರು. ಗೂಡು ನಮ್ಮಿಬ್ಬರ ಮನೆಗಳ ನಡುವಿನ ಮೋಟುಗೋಡೆಗೆ ಒರಗಿತ್ತು.

ರಾತ್ರಿಗೆಂದು ತವುಡು ಕಲಸಿ, ಬೋಗುಣಿ ತುಂಬ ನೀರಿಡುತ್ತಿದ್ದೆ. ಆ ಮಹಾಶಯರು ಬೋಗುಣಿಯಲ್ಲೇ ಕೂತು ಸ್ನಾನ ಮಾಡಿ ನೀರೆಲ್ಲ ಚೆಲ್ಲಿಬಿಡುವರು. ಆಮೇಲೆ ತವುಡು ಕೊಕ್ಕಿಗೆ ಮೆತ್ತಿ, ಗಂಟಲಿಗೆ ಕಟ್ಟಿ, ನಸುಕಿನಲ್ಲಿ ಒಂದೇ ಸಮನೆ ಬೊಬ್ಬೆ. ಧಾರವಾಡದಿಂದ ವರ್ಗವಾಗಿ ಬಂದಿದ್ದ ಅಪ್ಪನ ನಿದ್ದೆಯೋ ಬಲು ತೆಳು.

"ಇನ್ನೊಮ್ಮೆ ನನ್ನ ನಿದ್ದಿ ಕೆಡಿಸಿದ್ರ, ಎರಡನ್ನೂ ಅಂಕೋಲಾ ಮೋಟಾರಿನ್ಯಾಗ ಕೂಡಿಸಿಬಿಡ್ತೇನಿ ನೋಡವಾ!"

ಅಂದಿನಿಂದ ಗೂಡಿನ ಬಾಗಿಲು ಹಾಕುವಾಗ ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳ ಗತ್ತಿನಲ್ಲೇ "ಲೈಟ್ಸ್ ಔಟ್! ಸೈಲೆನ್ಸ್! ಗುಡ್ ನೈಟ್!" ಎಂದು ಆರ್ಡರ್ ಮಾಡತೊಡಗಿದೆ. ಏನಾಶ್ಚರ್ಯ, ಬಾತುಗಳು ತೆಪ್ಪಗಾದವು! ವಾರಗಟ್ಟಲೆ ಕಿಮಕ್ ಎನ್ನಲಿಲ್ಲ. "ನಮ್ಮ ಹುಡುಗಿ ಬಾತಿಗೂ ಇಂಗ್ಲಿಷ್ ಡಿಸಿಪ್ಲಿನ್ ಕಲಿಸ್ಯಾಳ" ಎಂದು ಅಪ್ಪ ಆಫೀಸಿನಲ್ಲಿ ಹೇಳಿಕೊಂಡು ತಿರುಗಿದರು. ಅರೆನಿದ್ದೆಯಲ್ಲಿ ಒಮ್ಮೊಮ್ಮೆ ಚಪ್ ಚಪ್ ಎಂಬ ಸದ್ದು ಕೇಳುತ್ತಿತ್ತು... ಕನಸೆಂದುಕೊಂಡಿದ್ದೆ.

ರಂಜಾನ್ ಹಬ್ಬ ಬಂತು. ಖಾಲಾ ಕಳಿಸಿದ ಸುರಕುಂಬಾ ಪಾಯಸ ಹೊಟ್ಟೆತುಂಬ ತಿಂದು ಮಲಗಿದೆವು. ನಸುಕಿಗೆ ಬಾತುಗಳು ಕೇರಿಯೇ ಏಳುವಂತೆ ಕೂಗಿದವು. ಅಪ್ಪ ಧೋತರ ಸರಿಮಾಡಿಕೊಳ್ಳುತ್ತಾ ಹಿತ್ತಿಲಿಗೆ ಧಾವಿಸಿದರು, ಹಿಂದೆ ಅಳುತ್ತಾ ನಾನು. ನೋಡಿದರೆ ಗೋಡೆಯಾಚೆ ಖಾಲಾ, ಕೈಯಲ್ಲಿ ನೀರಿನ ತಂಬಿಗೆ.

"ಬೇಟಿಗೆ ಬೈಬ್ಯಾಡ್ರಿ ಸಾಹೇಬ್ರ, ಇದು ನನ್ನ ಕೆಲಸ. ರಂಜಾನ್ ತಿಂಗಳು ಸಹರಿ ಊಟಕ್ಕ ನಸುಕಿನ್ಯಾಗ ಏಳ್ತಿದ್ದೆ. ಇವು ಬಾಯಿ ತೆಗಿಯೂದ್ರಾಗ ಗೋಡಿ ಮ್ಯಾಲಿಂದ ನೀರು ಹಾಕ್ತಿದ್ದೆ. ಇವಕ್ಕ ಅದ ರೂಢಿ ಆಗೇತಿ, ಇವತ್ತ ಸಹರಿ ಇಲ್ಲಂತ ನಾ ಮಲಗಿಬಿಟ್ಟೆ."

ಅಪ್ಪ ಗೂಡಿನತ್ತ ಬಗ್ಗಿ ನೋಡಿದರು. "ಅಂದ್ರ ಇವೂ ರೋಜಾ ಉಪವಾಸ ಹಿಡಿದಿದ್ದುವೇನು?"

"ರೋಜಾ ಎಲ್ಲೀದ್ರೀ! ಬರೇ ಸಹರಿ. ಹಗಲೆಲ್ಲಾ ತಿಂತಿದ್ದುವಲ್ಲ!"

ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಅಂಕೋಲಾ ಮೋಟಾರಿನ ಮಾತು ಅಲ್ಲಿಗೇ ಮುಗಿಯಿತು.

ಅವತ್ತೇ ಖಾಲಾ ಒಂದು ಹಳೆಯ ಗಡಿಗೆಯ ಕಂಠ ಒಡೆದು, ಗೂಡಿನೊಳಗೆ ಅರ್ಧ ಹೂತರು. ಬಾತಿನ ತಲೆ ಒಳಗೆ ಹೋಗಬೇಕು, ಮೈ ಹೋಗಬಾರದು... ಅಷ್ಟು ಬಾಯಿ. ಸ್ನಾನ ಬಂದ್ ಆಯಿತು, ನೀರು ಬೆಳಗಿನವರೆಗೂ ಉಳಿಯಿತು. ನನ್ನ ಇಂಗ್ಲಿಷಿನ ಕೀರ್ತಿ ಮಾತ್ರ ಉಳಿಯಲಿಲ್ಲ.

ಮೈ ಸುಧಾರಿಸಿ ನಾನು ಬೋರ್ಡಿಂಗಿಗೆ ಮರಳಿದೆ. ಮುಂದಿನ ರಜೆಯೊಳಗೆ ಅಪ್ಪನಿಗೆ ಟ್ರಾನ್ಸ್‌ಫರ್ ಆಗಿ, ಯಲ್ಲಾಪುರವೇ ತಪ್ಪಿತು. ಖಾಲಾ ಯಾವಾಗ ತೀರಿಕೊಂಡರೋ, ತಿಳಿಸುವವರೂ ಇರಲಿಲ್ಲ... ನಲ್ಲಿ ಸೋರುವಾಗ ಈಗಲೂ ಕಣ್ಣಿಗೆ ಕಟ್ಟುವುದು ನಾನು ಹೊರಟ ಆ ಬೆಳಗು. ಖಾಲಾ ಗೋಡೆಯಾಚೆ ನಿಂತಿದ್ದರು, ಕಂಕುಳಲ್ಲಿ ಒಂದು ಬಾತು. ಅದರ ರೆಕ್ಕೆ ಹಿಡಿದು ನನಗೆ ಟಾಟಾ ಮಾಡಿಸಿದರು.

"ರಾತ್ರಿ ನೀರಿನ ಚಿಂತಿ ನನಗ ಬಿಡು" ಎಂದರು. ಆಮೇಲೆ, ಸೂರ್ಯ ಅಷ್ಟೆತ್ತರ ಬಂದಿದ್ದರೂ, ದಿನಾ ಸಂಜೆ ಗೋಡೆಯಾಚೆಯಿಂದ ಕೇಳಿ ಕೇಳಿ ಕಲಿತದ್ದನ್ನು ನಗುತ್ತಾ ಒಪ್ಪಿಸಿದರು: "ಗುಡ್ ನೈಟ್, ಬೇಟಿ!"