ಮುಂದಿನ ಹಲ್ಲಿನ ಸಂದು

ಮಂಡಕ್ಕಿ ನೀರಿಗೆ ಹಾಕಿ ಹಿಂಡುತ್ತಿದ್ದೆ. ಶನಿವಾರದ ಬೆಳಗಿನ ಶಾಲೆ ಮುಗಿಸಿದ ಮಗಳನ್ನು ಕರೆದುಕೊಂಡು ಬಂದ ನಮ್ಮ ಯಜಮಾನರು ಬಾಗಿಲಲ್ಲೇ ಹೇಳಿದರು: "ಶಾಲ್ಯಾಗೆ ಹಲ್ಲಿನ ಕಾಲೇಜಿಂದ ಡಾಕ್ಟ್ರು ಬಂದಿದ್ರಂತೆ. ಇವಳ ಕೆಳಗಿನ ಹಲ್ಲು ಮೇಲಿನವಕ್ಕಿಂತ ಮುಂದೆ ಕೂಡ್ತಾವಂತೆ. ಬೆಳೆಯೋ ವಯಸ್ಸಿನಾಗೇ ಸರಿ ಮಾಡಿಸ್ಬೇಕಂತೆ."

ಇನ್ನೂ ಹಾಲುಹಲ್ಲು ಬೀಳುತ್ತಿರುವ ಮಗು. ಇಷ್ಟು ಅವಸರ ಯಾಕೆ? ಆ ಕಾಲೇಜಿನಲ್ಲಿ ಕಲಿಯುವ ಹುಡುಗರಿಗೆ ಕೈ ಪಳಗಿಸಲು ಒಂದು ಬಾಯಿ ಬೇಕಾಗಿರಬೇಕು ಎಂದುಕೊಂಡೆ. ಅತ್ತೆಯವರು ತಮ್ಮ ಗದ್ದ ಮುಂದೆ ಮಾಡಿ ತೋರಿಸಿದರು.

"ನಂದೂ ಹಿಂಗೇ ಐತೆ. ನಾನೇನು ರೊಟ್ಟಿ ತಿಂದಿಲ್ಲೇನು? ಈ ಮುಖ ನೋಡೇ ನಿಮ್ಮ ಮಾವ ಒಪ್ಪಿದ್ದು."

"ಎಲ್ಲಿ ನೋಡಿದ್ರು? ಸೆರಗು ಮುಚ್ಕಂಡು ಕೂತಿದ್ಯಲ್ಲವ್ವ," ಎಂದರು ಯಜಮಾನರು.

ನಗು ಬಂತು, ಅನುಮಾನ ಹೋಗಲಿಲ್ಲ. ಸಂಜೆ ಬೇಯಿಸಿದ ಮೆಕ್ಕೆಜೋಳದ ತೆನೆ ಕೊಟ್ಟು ಮಗಳನ್ನೇ ನೋಡುತ್ತ ಕೂತೆ. ಕಾಳು ಬೆರಳಲ್ಲಿ ಬಿಡಿಸಿಕೊಂಡು ತಿಂದಳು. ಎಷ್ಟು ಅಚ್ಚುಕಟ್ಟು ಎಂದು ಹೊಗಳುತ್ತಿದ್ದವರು ನಾವೇ. "ಕಚ್ಚಿ ತಿನ್ನು" ಅಂದರೆ ತೆನೆಯನ್ನು ಪಕ್ಕಕ್ಕೆ ಒಯ್ದು ದವಡೆ ಹಲ್ಲಲ್ಲಿ ಕಡಿದಳು. ರೊಟ್ಟಿ ಮುರಿದು, ಹಣ್ಣು ಹೆಚ್ಚಿ ತಿನ್ನುವ ಮನೆಯಲ್ಲಿ ಮುಂದಿನ ಹಲ್ಲಿಗೆ ಕೆಲಸವೇ ಬಿದ್ದಿರಲಿಲ್ಲ, ಹಾಗಾಗಿ ಇದು ನಮ್ಮ ಕಣ್ಣಿಗೂ ಬಿದ್ದಿರಲಿಲ್ಲ.

ಕೆ.ಬಿ. ಬಡಾವಣೆಯ ಹಲ್ಲಿನ ಡಾಕ್ಟರಮ್ಮ ನೋಡಿ, "ಮೇಲಿನ ದವಡೆ ಎಲುಬು ಇನ್ನೂ ಬೆಸೆದುಕೊಂಡಿಲ್ಲ, ಈಗ ಅಗಲ ಮಾಡಬಹುದು. ಬಿಟ್ಟರೆ ದೊಡ್ಡವಳಾದ ಮೇಲೆ ಆಪರೇಷನ್ನೇ ಬೇಕಾಗಬಹುದು" ಎಂದರು. ಆಪರೇಷನ್ ಅಂದ ಕೂಡಲೇ ಹೂಂ ಅಂದುಬಿಟ್ಟೆ. ಮಗಳ ಅಂಗುಳಕ್ಕೆ ನಡುವೆ ತಿರುಪುಮೊಳೆ ಇರುವ ಒಂದು ತಂತಿಪಟ್ಟಿ ಕೂರಿಸಿದರು. ಪುಟ್ಟ ಕೀಲಿ ನನ್ನ ಕೈಗೆ ಕೊಟ್ಟು ಆ ತಿರುಪನ್ನು ದಿನಾ ತಿರುಗಿಸಿ ಎಂದರು. ಡಾಕ್ಟರ ಕೆಲಸ ನಾನ್ಯಾಕೆ ಮಾಡಬೇಕು, ಕೆಟ್ಟರೆ ತಪ್ಪು ನನ್ನ ಮೇಲೆ ಹಾಕಲಿಕ್ಕೋ? ಆದರೂ ಪೂಜೆ ಮುಗಿಸಿ, ಕೈ ತೊಳೆದು ತಿರುಗಿಸುತ್ತಿದ್ದೆ. ಮಗಳು ಅಳಲಿಲ್ಲ. ಅಷ್ಟಾದರೂ ದೇವರು ನಡೆಸಿಕೊಟ್ಟ.

ಕೆಲವು ದಿನಕ್ಕೆ ಮೇಲಿನ ಎರಡು ಮುಂದಿನ ಹಲ್ಲಿನ ನಡುವೆ ಸಂದು ಬಿತ್ತು. ದಿನದಿನಕ್ಕೆ ಅಗಲವಾಯಿತು.

"ಚೆಂದ ಇದ್ದ ಹಲ್ಲೂ ಕೆಡಿಸಿದ್ರು ನೋಡು," ಎಂದರು ಅತ್ತೆ.

ತಿರುಗಿಸುವುದು ನಿಲ್ಲಿಸಿ ಕೀಲಿಯನ್ನು ದೇವರ ಮಾಡದಲ್ಲಿಟ್ಟುಬಿಟ್ಟೆ. ಮಗಳನ್ನು ಕರೆದುಕೊಂಡು ಬಸ್ಸು ಹತ್ತಿ ಹರಿಹರದಲ್ಲಿರುವ ನಮ್ಮ ಮನೆದೇವತೆಯ ಗುಡಿಗೆ ಹೋದೆ. ಬಾಯೊಳಗಿನದು ತೆಗೆಸಬೇಕಾದರೆ ಬಲಕ್ಕೆ ಹೂ ಕೊಡು ತಾಯಿ, ಬೇಡವಾದರೆ ಎಡಕ್ಕೆ ಎಂದು ಕೇಳಿಕೊಂಡು ಕೂತೆ. ಮಂಗಳಾರತಿ ಎರಡು ಸಲ ಆಯಿತು. ಹೂ ಅಲುಗಲಿಲ್ಲ.

ಪೂಜಾರಪ್ಪ ಕೇಳಿದರು: "ಏನು ಕೇಳಿದ್ಯವ್ವ?"

ಹೇಳಿದೆ.

"ಹಲ್ಲಿನ ವಿಚಾರ ಆಕಿಗೇನು ಗೊತ್ತೈತೆ? ಹಾಕಿದೋರ್ನ ಕೇಳು ಹೋಗು."

ಮರುದಿನ ಮಗಳ ಜೊತೆ ಯಜಮಾನರನ್ನೂ ಎಳೆದುಕೊಂಡು ಡಾಕ್ಟರಮ್ಮನ ಹತ್ತಿರ ಹೋದೆ. "ಹಲ್ಲು ಕೆಡಿಸಿ ಇಟ್ಟೀರಲ್ರಿ," ಎಂದೇ ಶುರುಮಾಡಿದೆ.

ಡಾಕ್ಟರಮ್ಮ ಬೆರಗಾದರು. "ಅಮ್ಮಾರೆ, ಎಲುಬು ಅಗಲ ಆಗ್ತಿರೋದಕ್ಕೇ ಆ ಸಂದು. ಆಮೇಲೆ ತಾನೇ ಮುಚ್ಚಿಕೊಳ್ತಾ ಬರುತ್ತೆ. ಸಂದು ಬೀಳುತ್ತೆ ಅಂತ, ಅವತ್ತು ನೀವು ಮಗೂನ ಹೊರಗೆ ಕರ್ಕೊಂಡು ಹೋದಾಗ, ನಿಮ್ಮ ಯಜಮಾನರಿಗೆ ಹೇಳಿದ್ದೆನಲ್ಲ?"

ಯಜಮಾನರು ಫ್ಯಾನು ನೋಡತೊಡಗಿದರು. "ನೀನು ಹೆದರ್ತೀಯ ಅಂತ ಹೇಳ್ಲಿಲ್ಲ."

ಡಾಕ್ಟರ ಮೇಲೆ, ಕಲಿಯುವ ಹುಡುಗರ ಮೇಲೆ, ಕೀಲಿಯ ಮೇಲೆ ಅನುಮಾನ ಪಟ್ಟಿದ್ದೆ. ಪಕ್ಕದಲ್ಲಿ ಕೂತವರ ಮೇಲೆ ಪಟ್ಟಿರಲಿಲ್ಲ. ತಪ್ಪಿದ ದಿನಗಳಿಂದ ಕೆಲಸವೇನೂ ಕೆಟ್ಟಿಲ್ಲ, ಇವತ್ತಿನಿಂದ ಮತ್ತೆ ತಿರುಗಿಸಿ ಎಂದರು ಡಾಕ್ಟರಮ್ಮ. "ಮುಂದೆ ಇನ್ನೇನೇನು ಆಗತೈತೆ, ನನಗೇ ಹೇಳ್ರಿ," ಎಂದೆ. ಅಗಲ ಮಾಡುವುದು ಮುಗಿದ ಮೇಲೆ ಹಣೆಗೂ ಗದ್ದಕ್ಕೂ ಆನಿಸಿ, ಮೇಲಿನ ದವಡೆಯನ್ನು ರಬ್ಬರಿನಿಂದ ಮುಂದಕ್ಕೆಳೆಯುವ ಮುಖಪಟ್ಟಿ ಬರುತ್ತದಂತೆ. ಇನ್ನು ಮೇಲೆ ಕೀಲಿ ತಿರುಗಿಸುವಾಗ ಮೂಗಿನ ಬುಡದಲ್ಲಿ ಬಿಗಿದಂತಾಗುತ್ತದಂತೆ.

ಸಂಜೆ ಮಗಳನ್ನು ಮಡಿಲಲ್ಲಿ ಮಲಗಿಸಿಕೊಂಡು ಕೀಲಿ ತಿರುಗಿಸಿದೆ.

"ಅವ್ವಾ, ಮೂಗಿನ ತಾವ ಬಿಗೀತೈತೆ."

ಡಾಕ್ಟರಮ್ಮ ಹೇಳಿದಂತೆಯೇ ಆಯಿತು. ಅಷ್ಟರಮಟ್ಟಿಗೆ ನಂಬಿದೆ. ಕೀಲಿ ತೊಳೆದಿಟ್ಟು, ಎಸರು ಕುದಿಯುತ್ತಿದ್ದುದರಿಂದ ರೊಟ್ಟಿ ಹಿಟ್ಟು ನಾದಲು ಹೋದೆ.