ಕಮಲಾಬಾಯಿ ಮೇಲೆ ತಂದದ್ದು ಒಬ್ಬಳನ್ನೇ

"ಹುಡುಗ್ಯಾರು ನೀರಾಗ ಬಿದ್ದಾರ, ಓಡಿ ಬರ್ರೀ!" ಹೆಂಗಸರು ಚೀರುವುದು ಕೇಳಿ ಸ್ಕೂಟಿಯನ್ನು ರಸ್ತೆ ಬದಿಗೇ ಬಿಟ್ಟು ಓಡಿದೆ.

ನಾನು ಭಾಲ್ಕಿ ತಾಲೂಕಿನಲ್ಲಿ ನರ್ಸ್. ಅವತ್ತು ಮಧ್ಯಾಹ್ನ ಖಟಕ ಚಿಂಚೋಳಿ ಕಡೆ ಒಬ್ಬ ಬಾಣಂತಿಯನ್ನು ನೋಡಲು ಹೊರಟಿದ್ದೆ.

ಸೋಯಾ ಹೊಲದ ಮೂಲೆಯಲ್ಲಿ ಕೃಷಿ ಹೊಂಡ. ಒಳಗೆಲ್ಲ ಪ್ಲಾಸ್ಟಿಕ್ ಹಾಳೆ ಹಾಸಿದ್ದಾರೆ. ಕಾಲಿಟ್ಟರೆ ಜಾರುತ್ತದೆ, ಹಿಡಿಯಲು ಒಂದು ಹುಲ್ಲುಕಡ್ಡಿಯೂ ಇಲ್ಲ.

ಕೂಲಿಗೆ ಬಂದ ಸುನೀತಾಳ ಇಬ್ಬರು ಹೆಣ್ಣುಮಕ್ಕಳು ಬಾಟಲಿಗೆ ನೀರು ತುಂಬಲು ಹೋಗಿ ಬಿದ್ದಿದ್ದರು. ದೊಡ್ಡವಳಿಗೆ ಒಂಬತ್ತು ವರ್ಷ, ಚಿಕ್ಕವಳಿಗೆ ಐದು.

ಅಲ್ಲಿದ್ದವರಲ್ಲಿ ಯಾರಿಗೂ ಈಜು ಬರುತ್ತಿರಲಿಲ್ಲ. ನನಗೂ.

ಕೂಲಿಯವರಲ್ಲೇ ಒಬ್ಬಳು ಕಮಲಾಬಾಯಿ. ಐವತ್ತರ ಹತ್ತಿರದ ಹೆಂಗಸು. ಉಟ್ಟ ಸೀರೆ ಬಿಚ್ಚಿ ಒಂದು ತುದಿಯನ್ನು ಸೊಂಟಕ್ಕೆ ಬಿಗಿದುಕೊಂಡು, ಇನ್ನೊಂದನ್ನು ನಮ್ಮ ಕೈಗೆ ಎಸೆದಳು.

"ಗಟ್ಟಿ ಹಿಡೀರಿ" ಎಂದವಳೇ ಲಂಗದಲ್ಲೇ ಇಳಿದುಬಿಟ್ಟಳು.

ಮುಳುಗಿದಳು... ನಾವು ನಾಲ್ವರು ಎಳೆಯುತ್ತಿದ್ದೇವೆ, ಸೀರೆ ಪರ್ ಪರ್ ಎಂದು ಹರಿಯುತ್ತಿದೆ. ಮೇಲೆ ಬಂದಾಗ ಅವಳ ಬಲಗೈಯಲ್ಲಿ ಚಿಕ್ಕವಳ ಜಡೆ ಇತ್ತು.

ಮಗುವನ್ನು ಮಲಗಿಸಿ ಎದೆ ಒತ್ತಿದೆ, ಬಾಯಿಗೆ ಉಸಿರು ಊದಿದೆ. ಎಷ್ಟು ಹೊತ್ತೋ... ಕೊನೆಗೆ ಕೆಮ್ಮಿ, ನೀರು ಕಾರಿ, ಅತ್ತಿತು.

ಅಷ್ಟರಲ್ಲಿ ಕಮಲಾಬಾಯಿ ಮತ್ತೆ ಇಳಿಯಲು ಹೊರಟಿದ್ದಳು. ಸೀರೆ ಎರಡು ತುಂಡಾಗಿತ್ತು. "ಆಕಿಗಿ ಹಿಡೀರಿ, ಸಾಯ್ತಾಳ!" ಎಂದು ಕೂಗಿದವಳು ನಾನೇ. ಹೆಂಗಸರು ಅವಳನ್ನು ನೆಲಕ್ಕೆ ಅಮುಕಿ ಹಿಡಿದರು.

ಹಗ್ಗ ತಂದ ಗಂಡಸರು ದೊಡ್ಡವಳನ್ನು ತೆಗೆಯುವಾಗ ತಡವಾಗಿತ್ತು. ಅವಳ ಎದೆಯನ್ನೂ ಒತ್ತಿದೆ. ಆಂಬ್ಯುಲೆನ್ಸ್ ಬರುವವರೆಗೂ ಒತ್ತಿದೆ.

ಬದುಕಿದ ಮಗುವನ್ನು ತೊಡೆಯ ಮೇಲಿಟ್ಟುಕೊಂಡೇ ಸುನೀತಾ ಕಮಲಾಬಾಯಿಯನ್ನು ಕೇಳಿದಳು, "ಅಕ್ಕಾ, ದೊಡ್ಡಾಕಿಗಿ ಯಾಕ ಬಿಟ್ಟಿ?"

ಕಮಲಾಬಾಯಿ ಹರಿದ ಸೀರೆಯನ್ನು ಮೈಗೆ ಸುತ್ತಿಕೊಂಡು ಊರ ಕಡೆ ನಡೆದುಬಿಟ್ಟಳು.

ಚಿಕ್ಕವಳು ಬೀದರ್ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ. ಊರವರು ಕಮಲಾಬಾಯಿಗೆ ಶಾಲು ಹೊದಿಸುತ್ತೇವೆ ಎಂದರು. ಅವಳು ಹೋಗಲಿಲ್ಲ. ಈಗ ಕೂಲಿಗೂ ಹೋಗುತ್ತಿಲ್ಲವಂತೆ.

ಮೊನ್ನೆ ಬಿಪಿ ನೋಡುವ ನೆಪದಲ್ಲಿ ಅವಳ ಮನೆಗೆ ಹೋದೆ. ಗೋಡೆಗೆ ಒರಗಿ ಕೂತಿದ್ದಳು. ತೋಳಿಗೆ ಬಿಪಿ ಪಟ್ಟಿ ಸುತ್ತುವಾಗ ತನ್ನ ಎಡಗೈಯನ್ನೇ ನೋಡುತ್ತ ಹೇಳಿದಳು.

"ಸಿಸ್ಟರ್, ನೀರಾಗ ನನ್ನ ಎಡಗೈಗಿ ಇನ್ನೊಂದ್ ಕೈ ಸಿಕ್ಕಿತ್ತರಿ. ಹಿಡದಿದ್ದೆ. ಜಾರ್ತೋ, ನಾನೇ ಬಿಟ್ಟೆನೋ... ತಿಳೀವಲ್ದರಿ."

ಬಿಪಿ ತುಂಬಾ ಹೈ ಇತ್ತು. ಮಾತ್ರೆ ಕೊಟ್ಟು, ತಲೆ ತಗ್ಗಿಸಿ ಎದ್ದು ಬಂದೆ.

ನಾಳೆ ಮತ್ತೆ ಅವಳ ಮನೆಗೆ ಹೋಗಬೇಕು... ಏನು ಹೇಳಲಿ, ನೀವಾದರೂ ಹೇಳಿ?