ಸೋಪಿನ ಟೀಚರು ಮೊದಲು ಕಲಿಸುವ ಮಾತು

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಬೀದಿ ತಿರುವಿನ ಲಾಂಡ್ರಿ ಅಂಗಡಿಯ ಷಟರು ಅರ್ಧಕ್ಕೆ ಮಾತ್ರ ಎದ್ದಿದೆ. ಒಳಗೆ ಹೋಗುವವರೆಲ್ಲ ಸೊಂಟ ಬಗ್ಗಿಸಿಯೇ ಹೋಗಬೇಕು. ಪೂರ್ತಿ ಎತ್ತಿದರೆ ಅಂಗಡಿ ತೆರೆದಿದೆಯೆಂದುಕೊಂಡು ಗಿರಾಕಿಗಳು ಬಟ್ಟೆಗಂಟು ಹೊತ್ತು ಬಂದುಬಿಡುತ್ತಾರೆ. ಒಳಗೆ ಗೋಡೆಯುದ್ದಕ್ಕೂ ಆರು ಒಗೆಯುವ ಮಿಷಿನ್ನುಗಳು. ಅರವತ್ತೊಂದು ವರ್ಷದ ಹೆಂಗಸೊಬ್ಬರು ಮೊದಲನೆಯದರ ದುಂಡು ಗಾಜಿನ ಬಾಗಿಲ ಮೇಲೆ ಸೋಪಿನ ತುಂಡಿನಿಂದ ಬರೆಯುತ್ತಿದ್ದಾರೆ. ಇಂಗ್ಲಿಷಿನ ಎರಡು ದೊಡ್ಡ ಅಕ್ಷರ, ಒಂದೇ ಮಾತು: ‘ನೋ’.

ಬಟ್ಟೆಬುಟ್ಟಿಗಳನ್ನು ಬೋರಲು ಹಾಕಿಕೊಂಡು ಹನ್ನೊಂದು ಹೆಂಗಸರು ಕೂತಿದ್ದಾರೆ. ಬರೆದು ಮುಗಿಸಿದವರು ತಮ್ಮ ಗಂಡನ ಹಳೆಯ ಕನ್ನಡಕವನ್ನು ಮೂಗಿಗೇರಿಸಿಕೊಂಡು ಮುಂದಿನ ಸಾಲಿನ ಅಜ್ಜಿಯ ಕಡೆ ತಿರುಗುತ್ತಾರೆ.

“ಈಗ ನಾನು ಟೀಚರಲ್ಲ. ಆಫೀಸಿನ ಮೇಡಂ. ನಿಮ್ಮ ಕೊಡೆ ನನಗೆ ಕೊಡ್ತೀರಾ?”

“ಯೆಸ್,” ಎನ್ನುತ್ತಾರೆ ಅಜ್ಜಿ, ತಲೆ ತಗ್ಗಿಸಿ.

“ಚಪ್ಪಲಿ?”

“ಯೆಸ್.”

“ಮನೆ ಬೀಗದ ಕೈ?”

ಅಜ್ಜಿಯ ಕೈ ಆಗಲೇ ಸೊಂಟದ ಚೀಲಕ್ಕೆ ಹೋಗಿದೆ. ಹಿಂದಿನ ಬುಟ್ಟಿಯಿಂದ ಮೀನು ಕೊಯ್ಯುವವಳು ಬಾಯಿ ಹಾಕುತ್ತಾಳೆ. “ಅಕ್ಕ, ನಿಲ್ಲಿಸಿ. ಇನ್ನೊಂದು ಕೇಳಿದ್ರೆ ನಮ್ಮನ್ನೂ ಸೇರಿಸಿ ಕೊಟ್ಟುಬಿಡ್ತಾರೆ.” ಎದ್ದು ಬಂದು ತಾನೇ ಕೈ ಚಾಚುತ್ತಾಳೆ. “ಎಲ್ಲಿ, ನನಗೆ ಕೊಡಿ ನೋಡೋಣ ಕೊಡೆ.”

“ನೋ,” ಎಂದು ಅಜ್ಜಿ ಥಟ್ಟನೆ ಹೇಳುತ್ತಾರೆ. ಆಮೇಲೆ ತಮ್ಮ ನುಡಿಯಲ್ಲಿ ಇನ್ನೂ ಏನೋ ಸೇರಿಸುತ್ತಾರೆ. ಹನ್ನೊಂದು ಜನರಲ್ಲಿ ಹತ್ತು ಜನ ಬಿದ್ದು ಬಿದ್ದು ನಗುತ್ತಾರೆ. ಹೋದ ತಿಂಗಳು ಒಯ್ದ ಅವರ ಇನ್ನೊಂದು ಕೊಡೆಯನ್ನು ಇವಳು ಇನ್ನೂ ತಂದುಕೊಟ್ಟಿಲ್ಲವಂತೆ.

ಟೀಚರು ಮಾತ್ರ ನಗುವುದಿಲ್ಲ. ಗೋಡೆಯ ಗಡಿಯಾರ ನೋಡುತ್ತಾರೆ. ಮೀನು ಕೊಯ್ಯುವವಳಿಗೆ ಇಲ್ಲ ಎನ್ನಲು ಅಜ್ಜಿಗೆ ಏನೂ ಕಷ್ಟವಿಲ್ಲ. ಇವತ್ತು ಹತ್ತು ಗಂಟೆಗೆ ಕಚೇರಿಯಲ್ಲಿ ಎದುರು ಕೂರುವವಳು ಅಧಿಕಾರಿ. ಅವಳಿಗೆ ಇಲ್ಲ ಎನ್ನದಿದ್ದರೆ ಆರು ವರ್ಷದ ಮೊಮ್ಮಗಳು ಅಜ್ಜಿಯ ಮನೆಯಿಂದ ಬೇರೆ ಯಾರದೋ ಮನೆಗೆ ಹೋಗುತ್ತಾಳೆ.

ಈ ಟೀಚರು ಯಾವ ಶಾಲೆಯ ಟೀಚರೂ ಅಲ್ಲ. ಮೂವತ್ತೆರಡು ವರ್ಷದಿಂದ ಇದೇ ಅಂಗಡಿಯಲ್ಲಿ ಇಸ್ತ್ರಿ ಹಾಕುವವರು. ಬಲಗೈ ಮಣಿಕಟ್ಟಿನ ಮೇಲೆ ಸುಟ್ಟ ಗುರುತುಗಳು ಮೆಟ್ಟಿಲಿನಂತೆ ಸಾಲಾಗಿವೆ. ಓದಿದ್ದು ಹತ್ತನೆಯ ತರಗತಿ. ಊರವರ ಬಾಯಲ್ಲಿ ಅವರು ‘ಸೋಪಿನ ಟೀಚರು’. ಬೋರ್ಡು, ಸೀಮೆಸುಣ್ಣ ಕೇಳಿ ಅವರು ಒಮ್ಮೆ ಅರ್ಜಿ ಹಾಕಿದ್ದುಂಟು. ಅದು ಮೂರು ಮೇಜು ಸುತ್ತಿ ವಾಪಸು ಬಂತು. ಅಷ್ಟರಲ್ಲಿ ಗಾಜಿನ ಮೇಲೆ ಸೋಪು ಚೆನ್ನಾಗಿ ಮೂಡುತ್ತದೆಂದು ಅವರೇ ಕಂಡುಕೊಂಡಿದ್ದರು.

“ಒಂದು ಸೋಪು ಒಂಬತ್ತು ದಿನ ಬರುತ್ತೆ. ಪಾಠ ಮುಗಿದ ಮೇಲೆ ಒದ್ದೆ ಬಟ್ಟೇಲಿ ಒರೆಸಿದ್ರೆ ಗಾಜೂ ಫಳಫಳ. ಮಾಲೀಕರು ಅದಕ್ಕೇ ಸುಮ್ಮನಿದ್ದಾರೆ ಅಂತ ಕಾಣುತ್ತೆ,” ಎನ್ನುತ್ತಾರೆ.

ಹಳೆಯ ಗೋದಾಮುಗಳ ಹಿಂದಿನ ಮೂರು ಸಾಲು ಮನೆಗಳಲ್ಲಿ ಬೆಟ್ಟದಾಚೆಯಿಂದ ಬಂದ ಜನ ಇದ್ದಾರೆ. ಬಂದು ಇಪ್ಪತ್ತು ವರ್ಷವಾದರೂ ಊರು ಅವರನ್ನು ಒಳಗೆ ಬಿಟ್ಟುಕೊಂಡಿಲ್ಲ, ಅವರೂ ಬಾಗಿಲು ತಟ್ಟಿಲ್ಲ. ಇಲ್ಲಿ ಆಸ್ಪತ್ರೆ, ಶಾಲೆ, ಕಚೇರಿ ಎಲ್ಲವೂ ಇಂಗ್ಲಿಷಿನಲ್ಲಿ. ಗಂಡಸರು ಕೆಲಸದ ಜಾಗದಲ್ಲಿ ನಾಲ್ಕು ಮಾತು ಕಲಿಯುತ್ತಾರೆ, ಮಕ್ಕಳು ಶಾಲೆಯಲ್ಲಿ ಕಲಿಯುತ್ತಾರೆ. ಹೆಂಗಸರು ಮನೆಯೊಳಗೇ ಉಳಿಯುತ್ತಾರೆ. ಮುಂದಿನ ಸಾಲಿನ, ಗುಂಡಿ ಹೊಲಿಯುವ ಈ ಅಜ್ಜಿಯನ್ನೇ ನೋಡಿ. ಕಾರ್ಖಾನೆಯಿಂದ ಅಂಗಿಗಳ ಮೂಟೆ ಮನೆಗೇ ಬರುತ್ತದೆ, ಮನೆಯಿಂದಲೇ ಹೋಗುತ್ತದೆ. ದಿನಕ್ಕೆ ಅರವತ್ತು ಅಂಗಿ, ಅಂಗಿಗೆ ಏಳು ಗುಂಡಿ. ಹದಿನಾಲ್ಕು ವರ್ಷ ಊರಿನ ಒಬ್ಬರೊಂದಿಗೂ ಮಾತಾಡದೆ ಊರಿಗೆಲ್ಲ ಗುಂಡಿ ಹೊಲಿದರು.

ಆರು ವರ್ಷದ ಹಿಂದೆ ಅಂಥ ಒಬ್ಬ ಹೆಂಗಸು ಒಗೆಯಲು ತಂದ ಕೋಟಿನ ಜೇಬಿನಿಂದ ಒಂದು ಕಾಗದ ತೆಗೆದು ಇಸ್ತ್ರಿ ಮೇಜಿನ ಮೇಲಿಟ್ಟಳು. ಏನು ಬರೆದಿದೆ ಎಂದು ಕಣ್ಣಿನಲ್ಲೇ ಕೇಳಿದಳು. ಗಂಡನನ್ನು ಆಸ್ಪತ್ರೆಗೆ ಕರೆತರಬೇಕೆಂಬ ಸೂಚನೆ. ಅದರಲ್ಲಿದ್ದ ತಾರೀಖು ದಾಟಿ ಹದಿಮೂರು ದಿನವಾಗಿತ್ತು.

“ಹದಿಮೂರು ದಿನ ಅದನ್ನ ಮಡಚಿ ಇಟ್ಕೊಂಡು ಓಡಾಡಿದಾಳೆ. ಓದಿ ಹೇಳೋಕೆ ಒಂದು ಜೀವ ಸಿಗಲಿಲ್ಲ. ಅವತ್ತು ರಾತ್ರಿ ಅನ್ನ ಸೇರಲಿಲ್ಲ ನನಗೆ. ಮಾರನೇ ದಿನ ಅವಳನ್ನ ಕರೆದು, ಬೆಳಿಗ್ಗೆ ಬೇಗ ಬಾ ಅಂದೆ. ಮೂರನೇ ದಿನ ನಾಲ್ಕು ಜನ ಬಂದ್ರು.”

ಇಲ್ಲಿಯವರೆಗೆ ಎಪ್ಪತ್ಮೂರು ಹೆಂಗಸರು ಆ ಬುಟ್ಟಿಗಳ ಮೇಲೆ ಕೂತೆದ್ದಿದ್ದಾರೆ. ನಾಲ್ಕಕ್ಕೆ ಎದ್ದು, ಐದರಿಂದ ಆರೂಕಾಲಿನವರೆಗೆ ಪಾಠ. ಆರೂವರೆಗೆ ನೆಲ ಒರೆಸಿ ಷಟರು ಎತ್ತಬೇಕು. ಮಾಲೀಕರ ಷರತ್ತು ಅದೊಂದೇ. ಆಮೇಲೆ ಸಂಜೆ ಐದರವರೆಗೆ ಇಸ್ತ್ರಿ. ಮೊದಲ ವರ್ಷ ಸಾಲುಮನೆಗಳ ಗಂಡಸರು ಬೀದಿಯ ಆಚೆ ಬದಿಗೆ ನಿಂತು ಪಾಠ ಮುಗಿಯುವವರೆಗೂ ಗುರಾಯಿಸುತ್ತಿದ್ದರು. ಒಂದು ದಿನ ಇವರೇ ಹೊರಗೆ ಹೋಗಿ, ಹೇಗೂ ನಿಂತಿದ್ದೀರಿ, ಬುಟ್ಟಿ ಎತ್ತಿಡಿ ಎಂದರು. ಎತ್ತಿಟ್ಟು ಹೋದವರು ಮತ್ತೆ ನಿಲ್ಲಲಿಲ್ಲ. ಮನೆಯಲ್ಲಿ ಟೀಚರ ಗಂಡ, “ನನಗೆ ಒಂದು ದಿನ ಇಷ್ಟು ಸಮಾಧಾನವಾಗಿ ಏನಾದ್ರೂ ಹೇಳಿದ್ದುಂಟಾ?” ಎಂದು ಕೆಣಕುತ್ತಾರೆ. “ನೀವು ಕಲಿಯೋ ಪೈಕಿ ಅಲ್ಲ,” ಎಂದು ಇವರು ಕನ್ನಡಕ ಎತ್ತಿಕೊಂಡು ಹೊರಡುತ್ತಾರೆ.

ಆದರೆ ಎಪ್ಪತ್ಮೂರರ ಲೆಕ್ಕ ಹೇಳುವಾಗ ಅವರ ದನಿಯಲ್ಲಿ ಹೆಮ್ಮೆ ಇರುವುದಿಲ್ಲ. ಒಂದು ತಪ್ಪಿನ ಮುಳ್ಳು ಮುರಿದು ಒಳಗೇ ಉಳಿದಿದೆ.

ಮೊದಲೆಲ್ಲ ಅವರು ಅಚ್ಚಾದ ಒಂದು ಪುಸ್ತಕ ಇಟ್ಟುಕೊಂಡು ಕಲಿಸುತ್ತಿದ್ದರು. ಅದರ ಮೊದಲ ಪುಟದಲ್ಲಿ ಮರ್ಯಾದೆಯ ಮಾತುಗಳಿದ್ದವು. ಯಾರಾದರೂ ಏನಾದರೂ ಕೇಳಿದರೆ ನಕ್ಕು ‘ಯೆಸ್’ ಎನ್ನಿ, ‘ಥ್ಯಾಂಕ್ಯೂ’ ಎನ್ನಿ. ಹೆಂಗಸರು ಅದನ್ನು ಒಂದೇ ಬೆಳಿಗ್ಗೆ ಕಲಿತುಬಿಟ್ಟರು. ಎಷ್ಟು ಚುರುಕು ಎಂದು ಟೀಚರು ಹಿಗ್ಗಿದರು. ಯಾಕೆ ಅಷ್ಟು ಬೇಗ ಬಂತೆಂದು ಕೇಳಲಿಲ್ಲ.

ಬೆಟ್ಟದಾಚೆಯ ಜನರಲ್ಲಿ ಒಂದು ರೂಢಿ ಇದೆ. ಹಿರಿಯರಿಗೆ, ಅಧಿಕಾರದಲ್ಲಿ ಇರುವವರಿಗೆ ಮುಖ ಕೊಟ್ಟು ಇಲ್ಲ ಎನ್ನುವುದಿಲ್ಲ. ಹೂಂ ಎಂದು ತಲೆದೂಗುತ್ತಾರೆ. ನಿಮ್ಮ ಮಾತು ಕಿವಿಗೆ ಬಿತ್ತು ಎಂದಷ್ಟೇ ಅದರ ಅರ್ಥ. ಒಪ್ಪಿಗೆಯೋ ಅಲ್ಲವೋ ಎಂಬುದು ಆಮೇಲೆ, ಮನೆಗೆ ಹೋಗಿ, ಮತ್ತೊಬ್ಬರ ಮೂಲಕ ತಿಳಿಸುವ ಸಂಗತಿ. ಅವರವರಲ್ಲಿ ಇದರಿಂದ ಯಾರಿಗೂ ತೊಂದರೆಯಾಗಿಲ್ಲ. ಆದರೆ ಕಚೇರಿಯಲ್ಲಿ ಆಮೇಲೆ ಎಂಬುದಿಲ್ಲ. ಅಂದದ್ದನ್ನು ಅಂದಾಗಲೇ ಬರೆದುಕೊಳ್ಳುತ್ತಾರೆ.

ಗುಂಡಿಯಜ್ಜಿಯ ಮಗಳು ತೀರಿಕೊಂಡು ಒಂದೂವರೆ ವರ್ಷ. ಅಳಿಯ ಕೆಲಸಕ್ಕೆಂದು ಹೋದವನು ತಿರುಗಿ ನೋಡಿಲ್ಲ. ಎರಡು ತಿಂಗಳ ಹಿಂದೆ ಮಕ್ಕಳ ಯೋಗಕ್ಷೇಮ ನೋಡುವ ಕಚೇರಿಯಿಂದ ಒಬ್ಬರು ಮನೆಗೆ ಬಂದರು. ನಿಮಗೆ ವಯಸ್ಸಾಗಿದೆಯಲ್ಲವೇ? ಯೆಸ್. ಮಗುವನ್ನು ನೋಡಿಕೊಳ್ಳುವುದು ಕಷ್ಟವೇ? ಯೆಸ್. ಬೇರೆ ಒಳ್ಳೆಯ ಮನೆ ಹುಡುಕಿಕೊಡಬಹುದೇ? ಯೆಸ್, ಥ್ಯಾಂಕ್ಯೂ. ಹದಿನೈದು ದಿನಕ್ಕೆ ಕಾಗದ ಬಂತು. ಅಜ್ಜಿ ಅದನ್ನು ಎಂದಿನಂತೆ ಲಾಂಡ್ರಿಗೆ ತಂದು, ಓದಿ ಎಂದು ಕೊಟ್ಟರು.

“ಅರ್ಧ ಓದೋ ಹೊತ್ತಿಗೆ ಬೆವರು ಬಂತು. ಅಜ್ಜಿಯ ಒಪ್ಪಿಗೆ ಇದೆ ಅಂತ ಬರೆದಿದೆ. ಒಪ್ಪಿಗೆ ಎಲ್ಲಿಂದ ಬಂತು? ಈ ಬುಟ್ಟಿ ಮೇಲೆ ಕೂರಿಸಿ, ನಗಿಸಿ ನಗಿಸಿ, ಯೆಸ್ ಅನ್ನಿ ಅಂತ ಕಲಿಸಿದವಳು ನಾನು.” ಅವರು ಅಂಗಿಯ ತೋಳನ್ನು ಮಗುಚಿ ಹಾಕಿ ಇಸ್ತ್ರಿ ಒತ್ತುತ್ತಾರೆ. “ಆ ಪುಸ್ತಕ ಮತ್ತೆ ತೆಗೀಲಿಲ್ಲ.”

ಅಂದಿನಿಂದ ಮೊದಲ ಪಾಠ ‘ನೋ’. ಎರಡನೆಯದು ‘ಮತ್ತೊಮ್ಮೆ ಹೇಳಿ, ನಿಧಾನ’. ಮೂರನೆಯದು ‘ಏನು ಬರೆದಿರಿ, ಓದಿ’. ಎ ಬಿ ಸಿ ಡಿ ಆಮೇಲೆ. ಟೀಚರು ತಾವೇ ಕಚೇರಿಗೆ ನಾಲ್ಕು ಸಲ ಅಲೆದು, ಅಜ್ಜಿಯನ್ನು ಇನ್ನೊಂದು ಸಲ ಕೇಳಬೇಕೆಂದು ಹಟ ಹಿಡಿದರು. ಆ ನುಡಿ ಬಲ್ಲ ದುಭಾಷಿ ದೂರದ ನಗರದಲ್ಲಿ ಒಬ್ಬನೇ ಇದ್ದಾನೆ. ಮೂರು ತಿಂಗಳು ಬಿಡುವಿಲ್ಲವಂತೆ. ಕಚೇರಿ ಅಷ್ಟು ಕಾಯುವುದಿಲ್ಲ. ಕೊನೆಗೆ ಸಿಕ್ಕಿದ್ದು ಇವತ್ತಿನ ಹತ್ತು ಗಂಟೆ, ಇಂಗ್ಲಿಷಿನಲ್ಲೇ. ಟೀಚರು ಜೊತೆಗೆ ಕೂರಬಹುದು, ಬಾಯಿ ಬಿಡುವಂತಿಲ್ಲ, ಸನ್ನೆ ಮಾಡುವಂತಿಲ್ಲ.

ಹತ್ತು ಗಂಟೆ. ಕಚೇರಿಯ ಆ ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ, ಕಿಟಕಿಯ ಬಳಿ ನಾಲ್ಕನೆಯದು. ಟೀಚರಿಗೆ ಕಿಟಕಿಯ ಬಳಿಯದು. ಅವರು ತಮ್ಮ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಾರೆ. ಅಲ್ಲಿಂದ ಅಜ್ಜಿಯ ಬೆನ್ನು ಮಾತ್ರ ಕಾಣುತ್ತದೆ. ಅಧಿಕಾರಿ ಸುಮಾರು ಮೂವತ್ತರ ಹೆಣ್ಣುಮಗಳು, ಒರಟಲ್ಲ. ನಗುತ್ತಾಳೆ. ಆ ನಗುವೇ ಟೀಚರಿಗೆ ಹೆದರಿಕೆ. ಗದರಿಸುವವರಿಗಿಂತ ನಗುವವರಿಗೆ ಇಲ್ಲ ಎನ್ನುವುದು ಕಷ್ಟ.

ಹೆಸರು, ವಯಸ್ಸು, ಮನೆ. ಅಜ್ಜಿ ತಪ್ಪಿಲ್ಲದೆ ಹೇಳುತ್ತಾರೆ.

“ಮಗುವನ್ನು ನೋಡಿಕೊಳ್ಳೋದ್ರಲ್ಲಿ ಸುಸ್ತಾಗುತ್ತಾ ಅಮ್ಮ?”

“ಯೆಸ್.”

ಪೆನ್ನು ಓಡುತ್ತದೆ. ಟೀಚರ ಕುರ್ಚಿ ಕಿರ್ರೆನ್ನುತ್ತದೆ. ಅಧಿಕಾರಿ ತಲೆಯೆತ್ತಿ ನೋಡುತ್ತಾಳೆ. ಟೀಚರು ಕಿಟಕಿಯ ಸರಳು ಎಣಿಸುತ್ತಾರೆ.

“ಹಾಗಿದ್ರೆ ಬೇರೆ ಮನೆಯಲ್ಲಿ ಇದ್ರೆ ಮಗುಗೆ ಒಳ್ಳೇದಲ್ವಾ?”

ಅಜ್ಜಿಯ ತಲೆ ಬಾಗುತ್ತದೆ. ಅದು ಹೂಂಗೆ ಬಾಗುವ ಬಗೆ. ಟೀಚರು ಆರು ವರ್ಷದಿಂದ ಬಲ್ಲರು. ಅಧಿಕಾರಿಯ ಪೆನ್ನು ಕಾಗದಕ್ಕೆ ಇಳಿಯುತ್ತದೆ. ಟೀಚರ ನಾಲಿಗೆಯ ತುದಿಗೆ ಬಂದ ಮಾತು ಹಲ್ಲಿನ ಹಿಂದೆ ನಿಲ್ಲುತ್ತದೆ. ಬಾಯಿ ಬಿಟ್ಟರೆ ಎಲ್ಲ ಮುಗಿಯಿತು. ಬಿಡದಿದ್ದರೂ ಮುಗಿಯುವ ಹಾಗಿದೆ.

“ನೋ.”

ತಲೆ ಬಾಗಿಯೇ ಇದೆ, ದನಿ ನೆಲಕ್ಕೆ ಹೇಳಿದಂತಿದೆ. ಆದರೂ ‘ನೋ’.

ಅಧಿಕಾರಿ ಪೆನ್ನು ಎತ್ತುತ್ತಾಳೆ. “ಸ್ವಲ್ಪ ದಿನ ಮಟ್ಟಿಗಾದ್ರೂ? ನೀವು ಸುಧಾರಿಸಿಕೊಳ್ಳೋವರೆಗೆ?”

ಈ ಪ್ರಶ್ನೆಯನ್ನು ಲಾಂಡ್ರಿಯಲ್ಲಿ ಯಾರೂ ಕೇಳಿರಲಿಲ್ಲ. ಟೀಚರಿಗೂ ಹೊಳೆದಿರಲಿಲ್ಲ.

“ಮತ್ತೊಮ್ಮೆ ಹೇಳಿ,” ಎನ್ನುತ್ತಾರೆ ಅಜ್ಜಿ. “ನಿಧಾನ.”

ಅಧಿಕಾರಿ ಬಿಡಿಸಿ ಬಿಡಿಸಿ ಹೇಳುತ್ತಾಳೆ. ಅಜ್ಜಿ ಈ ಸಲ ಮುಖವೆತ್ತುತ್ತಾರೆ.

“ನೋ. ಸ್ವಲ್ಪ ದಿನ, ನೋ. ಮಗು ನನ್ನದು. ಬೆಳಿಗ್ಗೆ ಜಡೆ ಹಾಕುವುದು ನಾನು. ಶಾಲೆಗೆ ನಾನು. ಜ್ವರ ಬಂದರೆ ನಾನು. ಸುಸ್ತು, ಯೆಸ್. ಕೊಡುವುದು, ನೋ.”

ಬೆರಳಿನಿಂದ ಕಾಗದವನ್ನು ತೋರಿಸುತ್ತಾರೆ. “ಏನು ಬರೆದಿರಿ? ಓದಿ.”

ಅಧಿಕಾರಿಯ ಮುಖದ ನಗು ಹೋಗುತ್ತದೆ, ಅದರ ಜಾಗಕ್ಕೆ ಗಮನ ಬರುತ್ತದೆ. ಹಳೆಯ ಹಾಳೆಯನ್ನು ಮುಂದಕ್ಕೆಳೆದು ಒಂದು ಸಾಲು ಹೊಡೆದುಹಾಕುತ್ತಾಳೆ. ಮೇಲೆ ಬೇರೆ ಬರೆದು ಗಟ್ಟಿಯಾಗಿ ಓದುತ್ತಾಳೆ: ಅಜ್ಜಿ ಒಪ್ಪಿಲ್ಲ. ಮಗು ಅಜ್ಜಿಯ ಬಳಿಯೇ ಇರಲೆಂದು ಕೇಳಿದ್ದಾರೆ. ಕಡತ ಮೇಲಿನವರಿಗೆ ಹೋಗುತ್ತದಂತೆ, ಇನ್ನೊಂದು ಭೇಟಿ ಇರುತ್ತದಂತೆ. ಅಲ್ಲಿಯವರೆಗೆ ಮಗುವನ್ನು ಯಾರೂ ಕರೆದೊಯ್ಯುವುದಿಲ್ಲ. ಆ ಕೊನೆಯ ಮಾತನ್ನೂ ಅಜ್ಜಿ ಎರಡು ಸಲ ಹೇಳಿಸುತ್ತಾರೆ.

ಹೊರಗೆ ಮೆಟ್ಟಿಲ ಮೇಲೆ ಟೀಚರು ಕೈ ಬಿಡಿಸಿ ನೋಡಿಕೊಳ್ಳುತ್ತಾರೆ. ಅಂಗೈಗಳ ಮೇಲೆ ಕುರ್ಚಿಯ ಬೆತ್ತದ ಹೆಣಿಗೆ ಹಾಗೇ ಅಚ್ಚೊತ್ತಿದೆ. ಕಚೇರಿಯ ಎದುರಿಗೇ ಚಹಾದಂಗಡಿ ಇದೆ. “ಬನ್ನಿ, ಒಂದು ಲೋಟ ಚಹಾ ಕುಡಿದು ಹೋಗೋಣ,” ಎಂದು ಅಜ್ಜಿಯ ತೋಳು ಹಿಡಿಯುತ್ತಾರೆ.

“ನೋ,” ಎನ್ನುತ್ತಾರೆ ಅಜ್ಜಿ, ತೋಳು ಬಿಡಿಸಿಕೊಂಡು. “ಶಾಲೆ ಹನ್ನೆರಡಕ್ಕೆ ಬಿಡುತ್ತದೆ.”

ಬಿಸಿಲಿಲ್ಲದಿದ್ದರೂ ಕೊಡೆ ಬಿಚ್ಚಿಕೊಂಡು ಅವರು ರಸ್ತೆ ದಾಟುತ್ತಾರೆ. ಒಂದು ಸಲವೂ ಹಿಂತಿರುಗುವುದಿಲ್ಲ.

ಮಧ್ಯಾಹ್ನ ಲಾಂಡ್ರಿಯಲ್ಲಿ, ಬಾಕಿ ಬಿದ್ದ ಅಂಗಿಗಳ ರಾಶಿಯ ಹಿಂದೆ ನಿಂತು ಟೀಚರು ಒಂದು ಕಾಲರನ್ನು ತಿದ್ದುತ್ತಾರೆ. ಇನ್ನೇನು ಬೇಕು ನಿಮಗೆ ಎಂದರೆ, ಎರಡು ಬುಟ್ಟಿ ಜಾಸ್ತಿ ಇದ್ದಿದ್ದರೆ ಚೆನ್ನಾಗಿತ್ತು, ಇಬ್ಬರು ಹೊಸಬರು ಬರುತ್ತೇನೆಂದಿದ್ದಾರೆ ಎನ್ನುತ್ತಾರೆ. ಅಂಗಿ ಮಡಚಿ, ಗುಂಡಿಗಳ ಮೇಲೆ ಹೆಬ್ಬೆರಳು ಸವರಿ, ರಾಶಿಗೆ ಇಡುತ್ತಾರೆ.

“ಆರು ವರ್ಷದಲ್ಲಿ ಅವರು ನನಗೆ ಒಂದು ಸಲನೂ ಇಲ್ಲ ಅಂದಿರಲಿಲ್ಲ. ಇವತ್ತು ಚಹಾಗೆ ಅಂದ್ರು.” ಮುಂದಿನ ಅಂಗಿ ಬಿಡಿಸಿಕೊಳ್ಳುತ್ತಾರೆ. “ಚಹಾ ನಾನೊಬ್ಬಳೇ ಕುಡಿದೆ. ಚೆನ್ನಾಗಿತ್ತು.”